ಹೆಸರು ತಿಳಿಯದ ಕೀಟ

ಇದುವರೆಗೆ ಮನುಷ್ಯನು ಗುರುತಿಸಿ, ವರ್ಣಿಸಿ, ಹೆಸರಿಟ್ಟಿರುವ ಪ್ರಾಣಿಜಾತಿಗಳಲ್ಲಿ ಸುಮಾರು ಮೂರನೆಯ ಎರಡು ಪಾಲು ಕೀಟಗಳೇ ಆಗಿವೆ. ಅವುಗಳ ಸಂಖ್ಯೆ ಸುಮಾರು 10 ಲಕ್ಷ. ಇನ್ನೂ ಹೆಸರು ಪಡೆಯದೆ ಉಳಿದಿರುವ ಕೀಟಗಳು ಇದಕ್ಕಿಂತಲೂ ಹೆಚ್ಚಾಗಿರಬೇಕೆಂದು ವಿಜ್ಞಾನಿಗಳು ಭಾವಿಸುತ್ತಾರೆ. ನಾವು ನಡೆಯುವ ದಾರಿಯ ಧೂಳಿನಲ್ಲಿ, ಮಲಗುವ ಮನೆಯ ಮಾಡಿನಲ್ಲಿ, ಉಣ್ಣುವ ಧಾನ್ಯದಲ್ಲಿ, ಕುಡಿಯುವ ನೀರಿನ ಕೊಳದಲ್ಲಿ ಅವು ನಮ್ಮೊಡನೆ ಬಾಳುತ್ತಿವೆ. ಆದರೆ ಅವುಗಳಲ್ಲಿ ನಾವು ಹೆಸರು ಹಿಡಿದು ಕರೆಯಬಲ್ಲವು ಎಷ್ಟು? ನೊಣ, ಸೊಳ್ಳೆ, ಇರುವೆ, ಗೊದ್ದ, ಗೆದ್ದಲು, ಜೇನು, ಕಣಜ, ಮಿಡತೆ, ತಿಗಣೆ, ಜಿರಲೆ, ಚಿಟ್ಟೆ, ಮಿಂಚುಹುಳು ಎಂದು ಎಣಿಸುತ್ತ ಹೋದರೆ ಇಪ್ಪತ್ತು ಮೂವತ್ತರೊಳಗಾಗಿ ನಮ್ಮ ಪಟ್ಟಿ ಮುಗಿದುಹೋಗುತ್ತದೆ. ಉಳಿದುವೆಲ್ಲವೂ ನಮ್ಮ ಪಾಲಿಗೆ ಬರಿಯ 'ಹುಳು'.

ಹೆಸರು ತಿಳಿಯದ ಕೀಟವನ್ನು ಕಂಡಾಗ ಸಾಮಾನ್ಯವಾಗಿ ನಾವು ಎರಡರಲ್ಲಿ ಒಂದನ್ನು ಮಾಡುತ್ತೇವೆ. ಹೆದರಿ ಹೊಡೆದು ಹಾಕುತ್ತೇವೆ. ಇಲ್ಲವೆ, ಏನೋ ಒಂದು ಹುಳು ಎಂದು ಅಲಕ್ಷಿಸಿ ಮುಂದೆ ಸಾಗುತ್ತೇವೆ. ಇವೆರಡೂ ಸರಿಯಲ್ಲ. ಹೊಡೆದುದು ನಮಗೆ ಉಪಕಾರಿಯಾದ ಜೀವಿಯಾಗಿರಬಹುದು; ಅಲಕ್ಷಿಸಿದುದು ಮುಂದೆ ಹೊಲವೆಲ್ಲ ಹಾಳುಮಾಡುವ ಶತ್ರುವಾಗಿರಬಹುದು. ಸರಿಯಾದ ಗುರುತು ಸಿಕ್ಕಿದ ಮೇಲೆಯೇ ಸರಿಯಾದ ನಡತೆ ಸಾಧ್ಯ. ಹಾಗಾದರೆ ಅಪರಿಚಿತವಾದ ಕೀಟವೊಂದನ್ನು ಗುರುತಿಸುವುದು ಹೇಗೆ? ಇದಕ್ಕೆ ದೊಡ್ಡ ಪ್ರಯೋಗಶಾಲೆಯೇ ಬೇಕೆಂದಿಲ್ಲ. ತಾಳ್ಮೆಯುಳ್ಳ ಎರಡು ಕಣ್ಣುಗಳು, ಒಂದು ಬೂದುಗಾಜು, ಒಂದು ಪುಸ್ತಕ, ಒಂದು ಪೆನ್ಸಿಲು ಇದ್ದರೆ ಅರ್ಧ ಕೆಲಸವಾದಂತೆಯೇ. ಒಂದು ಉದಾಹರಣೆಯಿಂದ ಇದನ್ನು ನೋಡೋಣ.

ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ ರಾವಂದೂರು ಒಂದು ಹೋಬಳಿಯ ಕೇಂದ್ರ. ಆ ಸೀಮೆಯಲ್ಲಿ ರಾಗಿ, ಮುಸುಕಿನ ಜೋಳ, ಹೊಗೆಸೊಪ್ಪುಗಳ ಹೊಲಗಳು ಹರಡಿವೆ. ಹೊಲಗಳ ನಡುವೆ ಹೊಗೆಸೊಪ್ಪನ್ನು ಬೇಯಿಸಿ ಹದಮಾಡುವ ಬ್ಯಾರನ್ನುಗಳು ತಲೆಯೆತ್ತಿ ನಿಂತಿವೆ. ತಾಲ್ಲೂಕಿನ ಒಂದು ಅಂಚಿನಲ್ಲಿ ಕಾವೇರಿ ಹರಿಯುತ್ತಾಳೆ; ಇನ್ನೊಂದು ಕಡೆ ನಾಗರಹೊಳೆಯ ಕಾಡಿನ ಸೀಮೆ. ಇಂಥ ಕಡೆ ದಸರೆಯ ರಜೆಯಲ್ಲಿ ಶಾಲೆಯ ಬಾಲಚರರು ಊರ ಹೊರಗಿನ ಒಂದು ಮಾವಿನ ತೋಪಿನಲ್ಲಿ ಶಿಬಿರ ಹೂಡಿದ್ದಾರೆಂದು ಭಾವಿಸೋಣ. ರಾತ್ರಿಯ ಊಟ ಮುಗಿದಿದೆ. ಡೇರೆಯ ಮುಂದೆ ಒಂದು ಬಿಳಿಯ ಪಂಚೆಯನ್ನು ಹಗ್ಗಕ್ಕೆ ಹರಡಿ, ಅದರ ಮುಂದೆ ದೀಪವನ್ನು ತೂಗುಹಾಕಿದ್ದಾರೆ. ಸ್ವಲ್ಪ ಹೊತ್ತಿನಲ್ಲಿಯೇ ಪಂಚೆಯ ಮೇಲೆ ಒಂದು ಸಂತೆ ನೆರೆಯುತ್ತದೆ. ಕಂದು ಪತಂಗಗಳು, ಹಸಿರು ಜಿಗಿಹುಳುಗಳು, ದೊಪ್ಪನೆ ಬೀಳುವ ದುಂಬಿಗಳು, ರೆಕ್ಕೆಯ ಗೆದ್ದಲುಗಳು ಬಂದು ಕೂಡುತ್ತವೆ. ಅವುಗಳ ನಡುವೆ ಯಾರೂ ನೋಡದ ಒಂದು ಕೀಟವು ತೂರಾಡುತ್ತ ಹಾರಿಬಂದು ಬಟ್ಟೆಯ ಅಂಚಿನಲ್ಲಿ ಕುಳಿತುಕೊಳ್ಳುತ್ತದೆ. ಮೈ ಸಣ್ಣ ಕಡ್ಡಿಯಂತೆ ನೀಳವಾಗಿದೆ, ಬಣ್ಣ ಬೂದು, ರೆಕ್ಕೆಗಳು ಗಾಜಿನಂತೆ ಪಾರದರ್ಶಕ.

"ಏರೋಪ್ಲೇನ್ ಚಿಟ್ಟೆ!" ಎನ್ನುತ್ತಾನೆ ಒಬ್ಬ ಹುಡುಗ. "ಅದು ರಾತ್ರಿಯಲ್ಲಿ ಬರುವುದಿಲ್ಲ" ಎನ್ನುತ್ತಾನೆ ಇನ್ನೊಬ್ಬ. "ಕಚ್ಚಿದರೆ ಏನು ಗತಿ? ಮೊದಲು ಹೊಡೆಯಿರಿ" ಎಂದು ಮೂರನೆಯವನು ಚಪ್ಪಲಿಗೆ ಕೈಹಾಕುತ್ತಾನೆ. ಶಿಬಿರದ ಉಪಾಧ್ಯಾಯರು ಅವನನ್ನು ತಡೆದು, "ನೋಡದೆ ಹೆಸರಿಡಬೇಡಿ, ಹೆಸರು ತಿಳಿಯದೆ ಹೊಡೆಯಬೇಡಿ" ಎನ್ನುತ್ತಾರೆ. ಕೀಟಶಾಸ್ತ್ರದ ಮೊದಲ ಪಾಠ ಇಷ್ಟೇ.

ಕೇಳಬೇಕಾದ ಮೊದಲನೆಯ ಪ್ರಶ್ನೆ: ಇದು ಕೀಟವೇ ಹೌದೆ? ಹುಳುವೆಂದು ನಾವು ಕರೆಯುವುದೆಲ್ಲ ಕೀಟವಲ್ಲ. ಜೇಡಕ್ಕೂ ಚೇಳಿಗೂ ಎಂಟು ಕಾಲುಗಳು. ಜರಿಗೆ ಕಾಲುಗಳ ಸಾಲೇ ಇದೆ. ಎರೆಹುಳುವಿಗೆ ಕಾಲೇ ಇಲ್ಲ. ಇವಾವುವೂ ಕೀಟಗಳಲ್ಲ. ಬೆಳೆದ ಕೀಟಕ್ಕೆ ಆರು ಕಾಲುಗಳು. ನಮ್ಮ ಪ್ರಾಚೀನ ಕವಿಗಳು ದುಂಬಿಯನ್ನು 'ಷಟ್ಪದ'ವೆಂದು ಕರೆದರು. ಆರು ಪಾದಗಳಿರುವ ಪದ್ಯಜಾತಿಯನ್ನು ಷಟ್ಪದಿಯೆಂದು ಕರೆಯುವಂತೆಯೇ ಆರು ಕಾಲುಗಳಿರುವ ದುಂಬಿ ಷಟ್ಪದವಾಯಿತು. ಕೀಟದ ದೇಹದಲ್ಲಿ ತಲೆ, ಎದೆ, ಹೊಟ್ಟೆ ಎಂಬ ಮೂರು ಭಾಗಗಳಿರುತ್ತವೆ. ತಲೆಯ ಮೇಲೆ ಒಂದು ಜೊತೆ ಮೀಸೆಗಳಿರುತ್ತವೆ. ಕಾಲುಗಳೂ ರೆಕ್ಕೆಗಳೂ ಎದೆಗೆ ಮಾತ್ರ ಜೋಡಣೆಯಾಗಿರುತ್ತವೆ. ಪಂಚೆಯ ಮೇಲಿನ ಅತಿಥಿಗೆ ಆರು ಕಾಲುಗಳಿವೆ, ಮೀಸೆಗಳಿವೆ. ಆದುದರಿಂದ ಅದು ಕೀಟವೇ ಸರಿ.

ಎರಡನೆಯ ಪ್ರಶ್ನೆ ರೆಕ್ಕೆಗಳನ್ನು ಕುರಿತದ್ದು. ಕೀಟಗಳ ಮುಖ್ಯ ವಂಶಗಳನ್ನು ಬೇರ್ಪಡಿಸಲು ರೆಕ್ಕೆಗಿಂತ ಒಳ್ಳೆಯ ಗುರುತು ಬೇರೆಯಿಲ್ಲ. ನೊಣ ಸೊಳ್ಳೆಗಳಿಗೆ ಎರಡೇ ರೆಕ್ಕೆಗಳು. ದುಂಬಿಗಳ ಮುಂದಿನ ರೆಕ್ಕೆಗಳು ಗಟ್ಟಿಯಾದ ಚಿಪ್ಪಿನಂತಾಗಿ ಹಿಂದಿನ ರೆಕ್ಕೆಗಳನ್ನು ಮುಚ್ಚಿ ಕಾಯುತ್ತವೆ. ತಿಗಣೆಯ ವಂಶದ ಅನೇಕ ಕೀಟಗಳಲ್ಲಿ ಮುಂದಿನ ರೆಕ್ಕೆಯ ಅರ್ಧ ಗಟ್ಟಿ, ಉಳಿದ ಅರ್ಧ ತೆಳುವಾದ ಪೊರೆ. ಚಿಟ್ಟೆ ಪತಂಗಗಳ ರೆಕ್ಕೆಗಳ ಮೇಲೆ ಬಣ್ಣದ ಪುಡಿಯಿರುತ್ತದೆ. ಅದು ಪುಡಿಯಲ್ಲ, ಹೆಂಚು ಹೊದಿಸಿದಂತೆ ಜೋಡಿಸಿರುವ ಸೂಕ್ಷ್ಮವಾದ ಹುರುಪೆಗಳು. ನಮ್ಮ ಅತಿಥಿಗೆ ನಾಲ್ಕು ರೆಕ್ಕೆಗಳಿವೆ. ನಾಲ್ಕೂ ಹೆಚ್ಚುಕಡಿಮೆ ಒಂದೇ ಅಳತೆಯವು. ಅವುಗಳ ಮೇಲೆ ಮೀನಿನ ಬಲೆಯಂತೆ ನರಗಳು ಹೆಣೆದುಕೊಂಡಿವೆ. ಏರೋಪ್ಲೇನ್ ಚಿಟ್ಟೆಯ ರೆಕ್ಕೆಗಳೂ ಹೀಗೆಯೇ ಇರುತ್ತವೆಯಲ್ಲವೆ? ಮೊದಲ ಹುಡುಗನು ಆ ಹೆಸರನ್ನು ಹೇಳಿದ್ದು ಸುಮ್ಮನೆಯಲ್ಲ. ಆದರೆ ಒಂದು ಹೋಲಿಕೆಯನ್ನು ಕಂಡ ಕೂಡಲೆ ತೀರ್ಮಾನಕ್ಕೆ ಬರಬಾರದು.

ಈಗ ಹೋಲಿಕೆಯ ಬದಲು ವ್ಯತ್ಯಾಸವನ್ನು ಹುಡುಕೋಣ. ಏರೋಪ್ಲೇನ್ ಚಿಟ್ಟೆ ಕುಳಿತಾಗ ರೆಕ್ಕೆಗಳನ್ನು ಎರಡೂ ಪಕ್ಕಕ್ಕೆ ಚಾಚಿಕೊಂಡಿರುತ್ತದೆ. ಈ ಕೀಟವೋ ರೆಕ್ಕೆಗಳನ್ನು ಗುಡಿಸಲಿನ ಮಾಡಿನಂತೆ ಮೈಮೇಲೆ ಇಳಿಬಿಟ್ಟುಕೊಂಡಿದೆ. ಏರೋಪ್ಲೇನ್ ಚಿಟ್ಟೆಯ ಹಾರಾಟ ಬಾಣದಂತೆ ನೇರ ಮತ್ತು ವೇಗ. ಇದರ ಹಾರಾಟ ದುರ್ಬಲ. ಅದರ ಕಣ್ಣುಗಳು ತಲೆಯನ್ನೆಲ್ಲ ಆವರಿಸುವಷ್ಟು ದೊಡ್ಡವು. ಇದರ ಕಣ್ಣುಗಳು ಸಾಧಾರಣವಾದವು. ಎಲ್ಲಕ್ಕಿಂತ ಮುಖ್ಯವಾದ ಗುರುತು ಮೀಸೆಯಲ್ಲಿದೆ. ಏರೋಪ್ಲೇನ್ ಚಿಟ್ಟೆಯ ಮೀಸೆಗಳು ಇವೆಯೋ ಇಲ್ಲವೋ ಎಂಬಷ್ಟು ಸಣ್ಣ ಕೂದಲುಗಳು. ಈ ಕೀಟದ ಮೀಸೆಗಳು ಬರಿಗಣ್ಣಿಗೇ ಕಾಣುತ್ತವೆ; ಅವುಗಳ ತುದಿ ಗದೆಯಂತೆ ದಪ್ಪಗಾಗಿದೆ. ಆದುದರಿಂದ ಇದು ಏರೋಪ್ಲೇನ್ ಚಿಟ್ಟೆಯಲ್ಲ. ಇದು ಬೇರೊಂದು ವಂಶಕ್ಕೆ, ಬಲೆಯಂಥ ನರಗಳುಳ್ಳ ರೆಕ್ಕೆಗಳ ವಂಶಕ್ಕೆ, ಸೇರಿದ ಕೀಟ. ಆ ವಂಶದಲ್ಲಿಯೂ ಮೀಸೆಗಳು ಮೈಯಷ್ಟೇ ಉದ್ದವಿದ್ದು ತುದಿಯಲ್ಲಿ ಗುಂಡಗಿರುವ ಹತ್ತಿರದ ಬಂಧುವೊಂದು ಉಂಟು. ನಮ್ಮ ಅತಿಥಿಯ ಮೀಸೆ ಅಷ್ಟು ಉದ್ದವಿಲ್ಲ. ಗಿಡ್ಡ, ದಪ್ಪ, ತುದಿಯಲ್ಲಿ ಬಾಗಿದೆ. ಹೀಗೆ ಒಂದೊಂದಾಗಿ 'ಇದಲ್ಲ, ಇದಲ್ಲ' ಎಂದು ಬಿಡುತ್ತ ಬಂದರೆ ಕೊನೆಗೆ ಒಂದು ಹೆಸರು ಉಳಿಯುತ್ತದೆ. ಅದು ಇರುವೆಸಿಂಹ.

ಹೆಸರು ಸಿಕ್ಕಿದ ಕೂಡಲೆ ಒಂದು ಅಚ್ಚರಿಯ ಸಂಗತಿ ತೆರೆದುಕೊಳ್ಳುತ್ತದೆ. ಯಾರೂ ನೋಡಿಲ್ಲವೆಂದುಕೊಂಡ ಈ ಕೀಟವನ್ನು ಶಿಬಿರದ ಮಕ್ಕಳೆಲ್ಲರೂ ಚಿಕ್ಕಂದಿನಿಂದ ಬಲ್ಲರು! ಮಳೆಯ ಹನಿ ಬೀಳದ ಸೂರಿನ ಕೆಳಗೆ, ದೇವಸ್ಥಾನದ ಜಗಲಿಯ ಬುಡದಲ್ಲಿ, ಶಾಲೆಯ ಗೋಡೆಯ ಮಗ್ಗುಲಲ್ಲಿ ನುಣುಪಾದ ಧೂಳಿನಲ್ಲಿ ಆಲಿಕೆಯ ಆಕಾರದ ಸಣ್ಣ ಸಣ್ಣ ಗುಳಿಗಳಿರುವುದನ್ನು ನೀವು ನೋಡಿಲ್ಲವೆ? ಒಂದು ಹುಲ್ಲುಕಡ್ಡಿಯಿಂದ ಗುಳಿಯ ಅಂಚನ್ನು ಕೆದಕಿ, ಒಳಗಿನ ಹುಳುವು ಮಣ್ಣು ಎರಚುವುದನ್ನು ನೋಡಿ ನಕ್ಕಿಲ್ಲವೆ? ಆ ಗುಳಿಯ ತಳದಲ್ಲಿ ಅಡಗಿರುವ ಬೂದುಬಣ್ಣದ ಹುಳುವೇ ಇರುವೆಸಿಂಹದ ಮರಿ. ದೀಪಕ್ಕೆ ಬಂದ ರೆಕ್ಕೆಯ ಕೀಟ ಅದರ ಪ್ರೌಢರೂಪ. ಮರಿಯನ್ನು ಬಲ್ಲ ನಾವು ತಾಯಿಯನ್ನು ಅರಿಯದೆ ಇದ್ದೆವು.

ಈ ಮರಿಹುಳುವಿನ ಬದುಕು ಬಹು ವಿಚಿತ್ರವಾದುದು. ಅದು ಹಿಮ್ಮುಖವಾಗಿ ನಡೆಯುತ್ತ, ಸುತ್ತುಸುತ್ತಾಗಿ ತಿರುಗುತ್ತ, ತಲೆಯಿಂದ ಮಣ್ಣನ್ನು ಹೊರಕ್ಕೆ ಚಿಮ್ಮಿ ಗುಳಿಯನ್ನು ತೋಡುತ್ತದೆ. ಗುಳಿಯ ಗೋಡೆಗಳು ಎಷ್ಟು ಓರೆಯಾಗಿರುತ್ತವೆಂದರೆ, ಮರಳು ಜಾರದೆ ನಿಲ್ಲಬಲ್ಲ ಕೊನೆಯ ಮಿತಿ ಅದು. ಅದರ ಮೇಲೆ ಇರುವೆಯೊಂದು ಕಾಲಿಟ್ಟರೆ ಸಾಕು, ಮರಳು ಕುಸಿಯುತ್ತದೆ. ಇರುವೆ ಮೇಲಕ್ಕೆ ಏರಲು ಹವಣಿಸಿದರೆ ಕೆಳಗಿನಿಂದ ಮಣ್ಣಿನ ಮಳೆ ಸುರಿಯುತ್ತದೆ. ಜಾರಿಬಿದ್ದ ಬೇಟೆಯನ್ನು ಹುಳುವು ಕುಡುಗೋಲಿನಂಥ ಎರಡು ದವಡೆಗಳಿಂದ ಹಿಡಿದು, ಅವುಗಳ ಒಳಗಿನ ಕೊಳವೆಯ ಮೂಲಕ ರಸವನ್ನು ಹೀರಿ, ಒಣ ಸಿಪ್ಪೆಯನ್ನು ಹೊರಕ್ಕೆ ಎಸೆಯುತ್ತದೆ. ಅದರ ಹೊಟ್ಟೆಯ ಹಿಂದಿನ ದಾರಿ ಮುಚ್ಚಿರುವುದರಿಂದ, ಮರಿಯಾಗಿರುವಷ್ಟು ಕಾಲವೂ ಅದು ಮಲವನ್ನು ವಿಸರ್ಜಿಸುವುದಿಲ್ಲ. ಒಂದು ವರ್ಷವೋ ಅದಕ್ಕಿಂತ ಹೆಚ್ಚೋ ಹೀಗೆ ಕಳೆದ ಮೇಲೆ ಅದು ರೇಷ್ಮೆಯಂಥ ನೂಲಿನಿಂದ ಮರಳಿನ ಕಣಗಳನ್ನು ಬಂಧಿಸಿ ಗೋಲಿಯಂಥ ಗೂಡನ್ನು ಕಟ್ಟಿಕೊಳ್ಳುತ್ತದೆ. ಆ ಗೂಡಿನಿಂದ ರೆಕ್ಕೆಯ ಕೀಟ ಹೊರಬರುತ್ತದೆ. ರೇಷ್ಮೆಹುಳುವಿನ ಬಾಳಿನಲ್ಲಿ ಮೊಟ್ಟೆ, ಹುಳು, ಗೂಡು, ಪತಂಗ ಎಂಬ ನಾಲ್ಕು ಅವಸ್ಥೆಗಳಿರುವಂತೆ ಇದರಲ್ಲಿಯೂ ಪೂರ್ಣವಾದ ರೂಪಾಂತರವಿದೆ. ಏರೋಪ್ಲೇನ್ ಚಿಟ್ಟೆಗೆ ಗೂಡಿನ ಅವಸ್ಥೆಯೇ ಇಲ್ಲ; ಅದರ ಮರಿ ನೀರಿನಲ್ಲಿ ಬೆಳೆಯುತ್ತದೆ. ಕಣ್ಣಿಗೆ ಅಷ್ಟು ಹೋಲುವ ಎರಡು ಕೀಟಗಳು ಬಾಳುವೆಯಲ್ಲಿ ಎಷ್ಟು ದೂರ!

ಇರುವೆಸಿಂಹದಿಂದ ನಮಗೆ ಯಾವ ಅಪಾಯವೂ ಇಲ್ಲ. ಆದರೆ ಅದೇ ದೀಪದ ಬೆಳಕಿಗೆ ಬರುವ ಇನ್ನೊಂದು ಸಣ್ಣ ಕೀಟದ ಗುರುತು ಶಿಬಿರವಾಸಿಗಳಿಗೆ ಅವಶ್ಯವಾಗಿ ತಿಳಿದಿರಬೇಕು. ಅದು ಅಕ್ಕಿಯ ಕಾಳಿಗಿಂತ ಅಷ್ಟೇನೂ ದೊಡ್ಡದಲ್ಲ. ಕಿತ್ತಳೆಬಣ್ಣದ ಮೈ, ಕಪ್ಪು ತಲೆ, ಹೊಟ್ಟೆಯ ಕಪ್ಪು ತುದಿ, ನಡುವೆ ನೀಲಿ ಅಥವಾ ಹಸಿರು ಹೊಳಪಿನ ಗಿಡ್ಡ ರೆಕ್ಕೆಚಿಪ್ಪು. ನೋಡಲು ಇರುವೆಯೆಂಬ ಭ್ರಾಂತಿ ಹುಟ್ಟುತ್ತದೆ. ಇದು ಪೀಡರಸ್ ಎಂಬ ದುಂಬಿಯ ಜಾತಿ. ಇದು ಕಚ್ಚುವುದೂ ಇಲ್ಲ, ಕುಟುಕುವುದೂ ಇಲ್ಲ. ಆದರೆ ಮೈಮೇಲೆ ಕುಳಿತಾಗ ಇದನ್ನು ಹೊಸಕಿದರೆ ಒಳಗಿನ ವಿಷರಸ ಚರ್ಮಕ್ಕೆ ತಗುಲಿ, ಒಂದೆರಡು ದಿನಗಳಲ್ಲಿ ಉರಿಯುವ ಗುಳ್ಳೆಗಳೇಳುತ್ತವೆ. ಇದನ್ನು ಹೊಡೆಯದೆ ಊದಿ ಹಾರಿಸಿ, ಅದು ಕುಳಿತ ಜಾಗವನ್ನು ಸಾಬೂನಿನಿಂದ ತೊಳೆದುಕೊಳ್ಳುವುದೇ ಕ್ಷೇಮ. ಗುರುತು ತಿಳಿದವನು ಊದಿ ಬಿಡುತ್ತಾನೆ. ತಿಳಿಯದವನು ಹೊಡೆದು ನೋಯುತ್ತಾನೆ.

ಶಿಬಿರದಿಂದ ಹೊಲಕ್ಕೆ ಬಂದರೆ ಗುರುತಿನ ಬೆಲೆ ಇನ್ನೂ ಹೆಚ್ಚುತ್ತದೆ. ಬದನೆಯ ಗಿಡದ ಮೇಲೆ ಚುಕ್ಕೆಗಳುಳ್ಳ ಗುಂಡನೆಯ ದುಂಬಿಗಳಿರುತ್ತವೆ. ಅವುಗಳಲ್ಲಿ ಎರಡು ಬಗೆ. ಒಂದರ ಬೆನ್ನು ಎಣ್ಣೆ ಸವರಿದಂತೆ ಹೊಳೆಯುತ್ತದೆ. ಇದು ಗುಲಗಂಜಿ ಹುಳು. ಇದೂ ಇದರ ಮರಿಯೂ ಸಸ್ಯಹೇನುಗಳನ್ನು ತಿಂದು ರೈತನಿಗೆ ನೆರವಾಗುತ್ತವೆ. ಇನ್ನೊಂದರ ಬೆನ್ನಿನ ಮೇಲೆ ನವಿರಾದ ರೋಮಗಳಿರುವುದರಿಂದ ಹೊಳಪಿಲ್ಲ, 28 ಚುಕ್ಕೆಗಳವರೆಗೂ ಇರುತ್ತವೆ. ಇದು ಎಲೆಯ ಹಸಿರನ್ನು ಕೆರೆದು ತಿಂದು ನರಗಳ ಬಲೆಯನ್ನು ಮಾತ್ರ ಉಳಿಸುವ ಪೀಡೆ. ಎರಡೂ ಒಂದೇ ಕುಟುಂಬಕ್ಕೆ ಸೇರಿದವು. ಒಂದು ಮಿತ್ರ, ಇನ್ನೊಂದು ಶತ್ರು. ಗುಲಗಂಜಿ ಹುಳುವಿನ ಮರಿಯಂತೂ ಪುಟ್ಟ ಮೊಸಳೆಯಂತೆ ಕಾಣುತ್ತದೆ. ಅದನ್ನು ಅರಿಯದವರು ಪೀಡೆಯೆಂದು ಬಗೆದು ಕೊಲ್ಲುವುದುಂಟು. ತನ್ನ ಕಾವಲುಗಾರನನ್ನು ತಾನೇ ಕೊಂದಂತೆ ಇದು.

ಕೀಟದ ಸರಿಯಾದ ಗುರುತಿನ ಮೇಲೆ ಒಂದು ನಾಡಿನ ಬೆಳೆಯೇ ನಿಂತಿರುವ ಸಂದರ್ಭಗಳು ನಮ್ಮ ರಾಜ್ಯದ ಚರಿತ್ರೆಯಲ್ಲಿಯೂ ಉಂಟು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನದ ಜೋಳದ ಹೊಲಗಳಿಗೆ ಒಂದು ಬಗೆಯ ಮಿಡತೆಯ ಕಾಟವಿತ್ತು. 1908ರಲ್ಲಿ ಸಂಸ್ಥಾನದ ಸೇವೆಗೆ ಬಂದ ಕೆನಡಾ ದೇಶದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರು ಅದನ್ನು ಅಭ್ಯಸಿಸಿದರು. ಸ್ಪೇನ್ ದೇಶದ ಮಿಡತೆಗಳ ತಜ್ಞ ಬೊಲಿವಾರ್ ಅವರು 1910ರಲ್ಲಿ ಅದನ್ನು ವರ್ಣಿಸಿದಾಗ, ಅದುವರೆಗೆ ವಿಜ್ಞಾನಕ್ಕೆ ತಿಳಿಯದ ಹೊಸ ಕುಲವೇ ಅದೆಂದು ಸಿದ್ಧವಾಯಿತು. ಕೋಲ್ಮನ್ನರ ಗೌರವಾರ್ಥವಾಗಿ ಆ ಕುಲಕ್ಕೆ 'ಕೋಲ್ಮೇನಿಯಾ' ಎಂದು ಹೆಸರಾಯಿತು. ಕೋಲ್ಮನ್ನರೂ ಅವರ ಸಹೋದ್ಯೋಗಿ ಕುಂಞಿಕಣ್ಣನ್ ಅವರೂ ಆ ಮಿಡತೆಯ ಜೀವನಕ್ರಮವನ್ನು ಕುರಿತು 1911ರಲ್ಲಿ ಒಂದು ಪುಸ್ತಿಕೆಯನ್ನು ಪ್ರಕಟಿಸಿದರು. ಈ ಮಿಡತೆ ಹಾರಲಾರದು. ಮೊಟ್ಟೆಗಳನ್ನು ನೆಲದೊಳಗೆ ಇಡುತ್ತದೆ. ಮಳೆಗಾಲದ ಆರಂಭದಲ್ಲಿ ಮರಿಗಳು ಹೊರಬರುತ್ತವೆ. ಇಷ್ಟು ತಿಳಿದರೆ ಉಪಾಯವೂ ಹೊಳೆಯುತ್ತದೆ. ಹಾರಲಾರದುದನ್ನು ಬಲೆಯಿಂದ ಹಿಡಿಯಬಹುದು. ನೆಲದಲ್ಲಿ ಅಡಗಿರುವ ಮೊಟ್ಟೆಗಳನ್ನು ಉಳುಮೆಯಿಂದ ಮೇಲಕ್ಕೆ ತಂದು ಬಿಸಿಲಿಗೂ ಹಕ್ಕಿಗಳಿಗೂ ಒಪ್ಪಿಸಬಹುದು. ದೂರದ ದೇಶಗಳ ಮಿಡತೆಯ ದಂಡಿನಂತೆ ಇದೂ ಹಾರಿಬಂದುದೆಂದು ತಪ್ಪು ತಿಳಿದಿದ್ದರೆ ಈ ಉಪಾಯಗಳು ತೋರುತ್ತಿರಲಿಲ್ಲ.

ಇನ್ನೊಂದು ಘಟನೆ ಇತ್ತೀಚಿನದು. 2018ರ ಮೇ ತಿಂಗಳಿನಲ್ಲಿ ಶಿವಮೊಗ್ಗದ ಸುತ್ತಿನ ಮುಸುಕಿನ ಜೋಳದ ಹೊಲಗಳಲ್ಲಿ ಒಂದು ಹುಳು ಕಾಣಿಸಿಕೊಂಡಿತು. ಜೋಳದ ಹೊಲದಲ್ಲಿ ಹುಳು ಬೀಳುವುದು ಹೊಸತೇನಲ್ಲ. ಕಾಂಡಕೊರಕವೂ ಸೈನಿಕ ಹುಳುವೂ ಮೊದಲಿನಿಂದ ಇದ್ದವು. ಇದೂ ಅವುಗಳಲ್ಲಿ ಒಂದಿರಬೇಕೆಂದು ಸುಮ್ಮನಿರಬಹುದಾಗಿತ್ತು. ಆದರೆ ಅಲ್ಲಿಯ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯದ ಕೀಟಶಾಸ್ತ್ರಜ್ಞರು ಹಾಗೆ ಬಿಡಲಿಲ್ಲ. ಅವರು ಹುಳುಗಳ ಮೈಗುರುತುಗಳನ್ನು ಪರೀಕ್ಷಿಸಿದರು. ಹುಳುವಿನ ತಲೆಯ ಮೇಲೆ ಕವೆಗೋಲನ್ನು ತಲೆಕೆಳಗಾಗಿ ನಿಲ್ಲಿಸಿದಂಥ ಬಿಳಿಯ ಗೆರೆಯಿತ್ತು. ಹೊಟ್ಟೆಯ ಎಂಟನೆಯ ಖಂಡದ ಮೇಲೆ ನಾಲ್ಕು ಕಪ್ಪು ಚುಕ್ಕೆಗಳು ಚೌಕದ ನಾಲ್ಕು ಮೂಲೆಗಳಂತೆ ಇದ್ದವು. ಈ ಎರಡು ಗುರುತುಗಳು ಹೇಳಿದುದು ಒಂದೇ ಹೆಸರನ್ನು: ಸ್ಪೊಡಾಪ್ಟೆರಾ ಫ್ರೂಜಿಪರ್ಡಾ, ಅಂದರೆ ಫಾಲ್ ಸೈನಿಕ ಹುಳು. ಅನುವಂಶಿಕ ದ್ರವ್ಯವಾದ ಡಿ.ಎನ್.ಎ. ಪರೀಕ್ಷೆಯೂ ಅದನ್ನೇ ದೃಢಪಡಿಸಿತು.

ಈ ಹುಳುವಿನ ತವರು ಅಮೆರಿಕ ಖಂಡದ ಉಷ್ಣವಲಯ. 2016ರಲ್ಲಿ ಅದು ಪಶ್ಚಿಮ ಆಫ್ರಿಕದಲ್ಲಿ ಕಾಣಿಸಿಕೊಂಡು ಆ ಖಂಡದ ಬಹುಭಾಗವನ್ನು ವ್ಯಾಪಿಸಿತ್ತು. ಭಾರತದಲ್ಲಿ ಅದನ್ನು ಮೊತ್ತಮೊದಲು ಗುರುತಿಸಿದುದು ಕರ್ನಾಟಕದಲ್ಲಿಯೇ. ಅದರ ಪತಂಗ ಒಂದೇ ರಾತ್ರಿಯಲ್ಲಿ 100 ಕಿಲೋಮೀಟರುಗಳವರೆಗೆ ಹಾರಬಲ್ಲದು. ಒಂದು ಹೆಣ್ಣು ತನ್ನ ಜೀವಿತದಲ್ಲಿ 1,000ಕ್ಕೂ ಹೆಚ್ಚು ಮೊಟ್ಟೆಗಳನ್ನು ಇಡಬಲ್ಲದು. ಗುರುತು ಸಿಕ್ಕಿದರೂ ಅದರ ಹರಡುವಿಕೆಯನ್ನು ತಡೆಯಲಾಗಲಿಲ್ಲವೆಂಬುದು ನಿಜ. ಮುಂದಿನ ಒಂದೆರಡು ವರ್ಷಗಳಲ್ಲಿ ಅದು ದೇಶದ ಮುಸುಕಿನ ಜೋಳದ ಸೀಮೆಗಳನ್ನೆಲ್ಲ ತಲುಪಿತು. ಹಾಗಾದರೆ ಹೆಸರು ತಿಳಿದು ಏನಾಯಿತು? ಆ ಹುಳುವಿಗೆ ವಿಜ್ಞಾನವು ಹೆಸರಿಟ್ಟುದು 1797ರಲ್ಲಿ. ಅಂದಿನಿಂದ ಅದರ ವಿಷಯವಾಗಿ ಬೇರೆ ದೇಶಗಳವರು ಕಲಿತುದೆಲ್ಲವೂ ಆ ಒಂದು ಹೆಸರಿನ ಮೂಲಕ ನಮ್ಮ ರೈತರಿಗೆ ದೊರೆಯಿತು. ಹುಳು ಹಗಲಿನಲ್ಲಿ ಸುಳಿಯೊಳಗೆ ಅಡಗಿರುವುದರಿಂದ ಔಷಧಿ ಸುಳಿಗೆ ಬೀಳಬೇಕು, ಎಳೆಯ ಹುಳುಗಳಿರುವಾಗಲೇ ಎಚ್ಚರಗೊಳ್ಳಬೇಕು, ಅದರ ಮೊಟ್ಟೆಯೊಳಗೆ ತನ್ನ ಮೊಟ್ಟೆಯಿಡುವ ಸಣ್ಣ ಕಣಜಗಳನ್ನೂ ಅದಕ್ಕೆ ರೋಗ ತರುವ ಶಿಲೀಂಧ್ರಗಳನ್ನೂ ಬಳಸಿಕೊಳ್ಳಬಹುದು ಎಂಬ ತಿಳಿವಳಿಕೆ ಹಳ್ಳಿಗಳಿಗೆ ತಲುಪಿತು. ಹೆಸರು ಒಂದು ಬೀಗದ ಕೈ ಇದ್ದಂತೆ. ಬೀಗದ ಹಿಂದೆ ಇರುವುದು ನೂರಾರು ಮಂದಿಯ ಅನುಭವದ ಭಂಡಾರ.

ಇಲ್ಲಿ ಒಂದು ಸಂದೇಹ ಹುಟ್ಟಬಹುದು. ಕನ್ನಡದಲ್ಲಿಯೇ ಹೆಸರುಗಳಿರುವಾಗ ಇಷ್ಟು ಕಠಿಣವಾದ ಹೆಸರುಗಳೇಕೆ? ಜನರ ಬಾಯಲ್ಲಿರುವ ಹೆಸರುಗಳು ಸುಂದರವಾದುವು, ಆದರೆ ಅವು ಊರೂರಿಗೆ ಬದಲಾಗುತ್ತವೆ. ಜೀರುಂಡೆಯೆಂಬ ಮಾತು ಕೆಲವರಿಗೆ ದುಂಬಿ, ಕೆಲವರಿಗೆ ಮರದಲ್ಲಿ ಕುಳಿತು ಕಿರ್ರೆನ್ನುವ ಕೀಟ. ಈ ಗೊಂದಲವನ್ನು ನೀಗಲು ಸ್ವೀಡನ್ ದೇಶದ ಲಿನೇಯಸ್ 1758ರಲ್ಲಿ ಪ್ರಾಣಿಗಳೆಲ್ಲಕ್ಕೂ ಎರಡು ಪದಗಳ ಹೆಸರಿನ ಪದ್ಧತಿಯನ್ನು ಅನ್ವಯಿಸಿದನು. ಮೊದಲ ಪದ ಕುಲವನ್ನು, ಎರಡನೆಯದು ಜಾತಿಯನ್ನು ಸೂಚಿಸುತ್ತದೆ. ಈ ಪದ್ಧತಿಯಿಂದ ಬಂಧುತ್ವವೂ ತಿಳಿಯುತ್ತದೆ. ರಾವಂದೂರಿನ ಸೀಮೆಯಲ್ಲಿ ಹೊಗೆಸೊಪ್ಪು ಬೆಳೆಯುವ ರೈತರಿಗೆ ಸಸಿಮಡಿಯಲ್ಲಿ ಎಲೆ ತಿನ್ನುವ ಒಂದು ಹುಳು ಹಳೆಯ ಪರಿಚಯ. ಅದರ ಹೆಸರು ಸ್ಪೊಡಾಪ್ಟೆರಾ ಲಿಟುರಾ. ಅಮೆರಿಕದಿಂದ ಬಂದ ಹೊಸ ಹುಳುವೂ ಮನೆಯಂಗಳದ ಹಳೆಯ ಹುಳುವೂ ಒಂದೇ ಕುಲದ ದಾಯಾದಿಗಳೆಂದು ಮೊದಲ ಪದವೇ ಸಾರುತ್ತದೆ.

ಎಷ್ಟು ನೋಡಿದರೂ ಗುರುತು ಹತ್ತದ ಕೀಟ ಸಿಕ್ಕಿದರೆ ಏನು ಮಾಡಬೇಕು? ಊಹಿಸಿ ಒಂದು ಹೆಸರನ್ನು ಅಂಟಿಸಬಾರದು. ಕಂಡುದನ್ನು ಕಂಡಂತೆ ಬರೆದಿಡಬೇಕು. ಚಿತ್ರ ಬರೆಯಬೇಕು, ಸಾಧ್ಯವಿದ್ದರೆ ಮೇಲಿನಿಂದಲೂ ಪಕ್ಕದಿಂದಲೂ ಛಾಯಾಚಿತ್ರ ತೆಗೆಯಬೇಕು, ಪಕ್ಕದಲ್ಲಿ ಒಂದು ಅಳತೆಪಟ್ಟಿಯನ್ನಿಡಬೇಕು. ಎಲ್ಲಕ್ಕಿಂತ ಮುಖ್ಯವಾದುದು ವಿವರದ ಚೀಟಿ. ಊರು, ತಾಲ್ಲೂಕು, ಜಿಲ್ಲೆ, ದಿನಾಂಕ, ಹೊತ್ತು, ಕುಳಿತಿದ್ದ ಗಿಡ, ಮಾಡುತ್ತಿದ್ದ ಕೆಲಸ, ನೋಡಿದವರ ಹೆಸರು ಇಷ್ಟನ್ನೂ ಅದರಲ್ಲಿ ನಮೂದಿಸಬೇಕು. 'ರಾವಂದೂರು, ಪಿರಿಯಾಪಟ್ಟಣ ತಾಲ್ಲೂಕು, ಮೈಸೂರು ಜಿಲ್ಲೆ. ರಾತ್ರಿ ಎಂಟು ಗಂಟೆ, ದೀಪದ ಬೆಳಕಿನಲ್ಲಿ' ಎಂಬ ಒಂದು ಸಾಲು, ಹೆಸರಿಲ್ಲದ ಕೀಟಕ್ಕೂ ಬೆಲೆಯನ್ನು ತರುತ್ತದೆ. ಚೀಟಿಯಿಲ್ಲದ ಕೀಟ ಎಷ್ಟು ಅಪರೂಪದ್ದಾದರೂ ವಿಳಾಸವಿಲ್ಲದ ಕಾಗದದಂತೆ ವ್ಯರ್ಥ.

ಬೆಳೆಯ ಮೇಲೆ ಕಂಡ ಹೊಸ ಕೀಟವನ್ನು ಹೋಬಳಿಯ ರೈತ ಸಂಪರ್ಕ ಕೇಂದ್ರದ ಗಮನಕ್ಕೆ ತರಬೇಕು. ಅಲ್ಲಿಯೂ ತೀರ್ಮಾನವಾಗದ ಮಾದರಿಗಳನ್ನು ಪರೀಕ್ಷಿಸಲು ತಜ್ಞರ ಸಂಸ್ಥೆಗಳಿವೆ. 1964ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿಯೂ, ಹೆಬ್ಬಾಳದ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋದಲ್ಲಿಯೂ ಕೀಟಗಳ ದೊಡ್ಡ ಸಂಗ್ರಹಗಳಿವೆ. ಅಲ್ಲಿ ಸೂಜಿಗೆ ಚುಚ್ಚಿ ಜೋಡಿಸಿಟ್ಟ ಒಂದೊಂದು ಕೀಟದ ಕೆಳಗೂ ಇಂಥದೇ ಒಂದು ಪುಟ್ಟ ಚೀಟಿಯಿರುತ್ತದೆ. ಆದರೆ ಒಂದು ಎಚ್ಚರಿಕೆ: ನಾಗರಹೊಳೆಯಂಥ ರಕ್ಷಿತ ಕಾಡಿನಿಂದ ಅನುಮತಿಯಿಲ್ಲದೆ ಯಾವ ಜೀವಿಯನ್ನೂ ಹಿಡಿದು ತರಕೂಡದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಹುಲಿ ಆನೆಗಳನ್ನಷ್ಟೇ ಅಲ್ಲದೆ ಅನೇಕ ಚಿಟ್ಟೆಗಳನ್ನೂ ದುಂಬಿಗಳನ್ನೂ ರಕ್ಷಿಸುತ್ತದೆ. ನೋಡಿ ಬರೆದುಕೊಳ್ಳಲು ಮಾತ್ರ ಯಾರ ಅಡ್ಡಿಯೂ ಇಲ್ಲ.

ಮನುಷ್ಯರ ನಡುವೆ ಪರಿಚಯವು ಹೆಸರಿನಿಂದ ಆರಂಭವಾಗುತ್ತದೆ. ಒಬ್ಬನ ಹೆಸರು ಕೇಳಿ ತಿಳಿದ ಮೇಲೆ ಅವನು ಗುಂಪಿನಲ್ಲಿ ಯಾರೋ ಒಬ್ಬನಾಗಿ ಉಳಿಯುವುದಿಲ್ಲ. ಕೀಟಗಳ ವಿಷಯದಲ್ಲಿಯೂ ಹಾಗೆಯೇ. ಗುರುತಿಸಲು ಕಲಿತವನಿಗೆ ಹೆದರಿಕೆ ಕಡಿಮೆಯಾಗುತ್ತದೆ, ಎಚ್ಚರ ಹೆಚ್ಚುತ್ತದೆ. ಯಾವುದನ್ನು ಬಿಡಬೇಕು, ಯಾವುದನ್ನು ತಡೆಯಬೇಕು, ಯಾವುದನ್ನು ಉಳಿಸಬೇಕು ಎಂಬ ವಿವೇಕ ಹುಟ್ಟುತ್ತದೆ. ಶಿವಮೊಗ್ಗದ ಹೊಲದಲ್ಲಿ ಒಂದು ಹುಳುವಿನ ತಲೆಯ ಗೆರೆಯನ್ನು ಬಗ್ಗಿ ನೋಡಿದ ಕಣ್ಣುಗಳಂಥ ಕಣ್ಣುಗಳು ನಮ್ಮ ಪ್ರತಿಯೊಂದು ಹಳ್ಳಿಗೂ ಬೇಕು. ಅವು ನಿಮ್ಮವೇ ಏಕಾಗಬಾರದು?

ಅಭ್ಯಾಸ

ಪದಗಳ ಅರ್ಥ
ಅಲಕ್ಷಿಸು – ಗಮನ ಕೊಡದಿರು
ಬೂದುಗಾಜು – ಸಣ್ಣ ವಸ್ತುವನ್ನು ದೊಡ್ಡದಾಗಿ ತೋರಿಸುವ ಗಾಜು
ಬಾಲಚರ – ಸ್ಕೌಟ್ ದಳದ ಬಾಲಕ
ಆಲಿಕೆ – ದ್ರವವನ್ನು ಸುರಿಯಲು ಬಳಸುವ, ಬಾಯಿ ಅಗಲವಾಗಿ ತುದಿ ಕಿರಿದಾದ ಸಾಧನ
ರೂಪಾಂತರ – ಒಂದು ರೂಪವನ್ನು ಬಿಟ್ಟು ಇನ್ನೊಂದನ್ನು ಪಡೆಯುವುದು
ಸಸಿಮಡಿ – ಸಸಿಗಳನ್ನು ಬೆಳೆಸುವ ಪಾತಿ
ದಾಯಾದಿ – ಒಂದೇ ವಂಶದವನು

ಅ) ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ದುಂಬಿಗೆ ಷಟ್ಪದವೆಂಬ ಹೆಸರು ಏಕೆ ಬಂದಿತು?
2. ಇರುವೆಸಿಂಹದ ಮರಿಹುಳು ಎಲ್ಲಿ ವಾಸಿಸುತ್ತದೆ?
3. ಕೋಲ್ಮೇನಿಯಾ ಎಂಬ ಹೆಸರು ಯಾರ ಗೌರವಾರ್ಥವಾಗಿ ಬಂದಿತು?
4. ಫಾಲ್ ಸೈನಿಕ ಹುಳುವನ್ನು ಭಾರತದಲ್ಲಿ ಮೊದಲು ಎಲ್ಲಿ, ಯಾವಾಗ ಗುರುತಿಸಲಾಯಿತು?

ಆ) ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿರಿ.
1. ಏರೋಪ್ಲೇನ್ ಚಿಟ್ಟೆಗೂ ಇರುವೆಸಿಂಹಕ್ಕೂ ಇರುವ ವ್ಯತ್ಯಾಸಗಳೇನು?
2. ಪೀಡರಸ್ ದುಂಬಿ ಮೈಮೇಲೆ ಕುಳಿತರೆ ಏನು ಮಾಡಬೇಕು? ಏಕೆ?
3. ಬದನೆಯ ಗಿಡದ ಮೇಲಿನ ಮಿತ್ರನನ್ನೂ ಶತ್ರುವನ್ನೂ ಹೇಗೆ ಗುರುತಿಸುವಿರಿ?

ಇ) ಹತ್ತು ವಾಕ್ಯಗಳಲ್ಲಿ ಉತ್ತರಿಸಿರಿ.
1. "ಹೆಸರು ಒಂದು ಬೀಗದ ಕೈ ಇದ್ದಂತೆ." ಈ ಮಾತನ್ನು ಪಾಠದ ನಿದರ್ಶನಗಳಿಂದ ವಿವರಿಸಿರಿ.

ಈ) ಬಿಡಿಸಿ ಬರೆದು ಸಂಧಿಯನ್ನು ಹೆಸರಿಸಿರಿ.
ಊರೂರು, ರೂಪಾಂತರ, ಮನೆಯಂಗಳ

ಉ) ನಿಮ್ಮ ಮನೆಯ ಅಥವಾ ಶಾಲೆಯ ಬಳಿ ಕಂಡ, ನಿಮಗೆ ಹೆಸರು ತಿಳಿಯದ ಒಂದು ಕೀಟವನ್ನು ಕೊಲ್ಲದೆ ಗಮನಿಸಿ, ಪಾಠದಲ್ಲಿ ಹೇಳಿರುವಂತೆ ವಿವರದ ಚೀಟಿಯನ್ನು ಸಿದ್ಧಪಡಿಸಿರಿ.